ಕೈ ಹೋಗದ ನಾಲ್ಕನೇ ಪ್ಲಗ್ಗು

ವ್ಯಾನು ದಾರಿಯಲ್ಲಿ ನಿಂತಿದ್ದರಿಂದ ನನ್ನ ಗಂಡ ಸತ್ತರು ಎಂದು ಓಣಿಯೆಲ್ಲ ಹೇಳುತ್ತದೆ. ಸುಳ್ಳು. ವ್ಯಾನು ನಿಂತಾಗ ಅವರು ಸತ್ತು ಬಹಳ ಹೊತ್ತಾಗಿತ್ತು. ವ್ಯಾನು ನಿಂತದ್ದು ಪ್ಲಗ್ಗಿನಿಂದ, ಅದು ಖರೆ. ಇವೆರಡನ್ನೂ ಗಂಟು ಹಾಕಿದ್ದು ಮಂದಿ.

ನನ್ನ ಮಗ ಬಸವಕಲ್ಯಾಣದಿಂದ ಹುಮನಾಬಾದಿಗೆ ವ್ಯಾನಿನಲ್ಲಿ ಜನರನ್ನು ಒಯ್ಯುತ್ತಾನೆ. ಎಂಜಿನು ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿದರೆ ಎಂಜಿನ್ನಿಗೆ ಕಿಡಿ ಕೊಡುವ ಮೂರು ಪ್ಲಗ್ಗು ಎದುರಿಗೇ ಸಿಗುತ್ತವೆ. ನಾಲ್ಕನೆಯದು ಒಳಗಿನ ಸಂದಿಯಲ್ಲಿ. ವ್ಯಾನಿಗೆ ಗ್ಯಾಸ್ ಕೂಡಿಸಿದವರು ಅದರ ಪೈಪನ್ನು ಈ ಪ್ಲಗ್ಗಿನ ಮೇಲೇ ಹಾಯಿಸಿದ್ದಾರೆ, ಯಾವ ಮಿಸ್ತ್ರಿಯ ಕೈಯೂ ಅಲ್ಲಿಗೆ ಹೋಗುವುದಿಲ್ಲ. ಮೂರು ಬದಲಿಸಿ, ಅದೊಂದು ಇನ್ನೂ ನಡೀತದೆ ಎಂದು ಸೀಟು ಮುಚ್ಚಿಬಿಡುತ್ತಾರೆ. ಈ ಲೈನಿನ ಗಾಡಿಯವರೆಲ್ಲ ಹಾಗೇ. ಮಗನೂ ಹಾಗೇ ಮಾಡಿದ್ದ. ಉಳಿದ ಹೊಸ ಪ್ಲಗ್ಗು ಡಬ್ಬಿಯ ಸಮೇತ ಸ್ಟೇರಿಂಗಿನ ಪಕ್ಕದ ಖಾನೆಯಲ್ಲಿ ಬಿದ್ದಿತ್ತು.

ಆ ದಿನ ನನ್ನ ಗಂಡ ಊಟಕ್ಕೆ ಕೂತವರು ಎದೆ ಹಿಡಿದುಕೊಂಡರು. ಮೊದಲಿನಿಂದ ತೋರಿಸುತ್ತಿದ್ದ ಡಾಕ್ಟರು ಇದ್ದದ್ದು ಹುಮನಾಬಾದಿನಲ್ಲಿ. ಇವರನ್ನು ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಹೊರಟೆವು. ದಾರಿಯಲ್ಲಿ ಸಸ್ತಾಪುರ ಬಂಗ್ಲಾ ಎಂಬ ಸ್ಟಾಪು ಮುಟ್ಟುವ ಮೊದಲೇ ಉಸಿರು ನಿಂತಿತು. ಅತ್ತೆ ಮಾವ ಇಬ್ಬರೂ ನನ್ನ ಕೈಯಲ್ಲೇ ಹೋದವರು, ನನಗೆ ಗೊತ್ತಾಗುತ್ತದೆ. ತಲೆಯ ಭಾರವೇ ಬೇರೆ ಆಗುತ್ತದೆ. ಮಗ ಲಾರಿಗಳ ನಡುವೆ ಹಾರ್ನು ಹೊಡೆಯುತ್ತ ಓಡಿಸುತ್ತಿದ್ದ. ಗಾಡಿ ಓಡಿಸುವವನಿಗೆ ಹಿಂದಿನಿಂದ ಹೇಳುವ ಮಾತಲ್ಲ ಅದು.

ರಾಜೇಶ್ವರದ ಹತ್ತಿರ ವ್ಯಾನು ಜಗ್ಗಾಡಿ ಜಗ್ಗಾಡಿ ನಿಂತಿತು. ಮಗ ಚಾವಿ ತಿರುವಿದ, ತಿರುವಿದ, ಆಗಲಿಲ್ಲ. ಇಳಿದು ಬಂದು ಬಾಗಿಲು ಸರಿಸಿ ಅವರನ್ನು ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಓಡಿ ಹೋಗಿ ಯಾರದೋ ಟೆಂಪೋ ಕೈಮಾಡಿ ನಿಲ್ಲಿಸಿದ. ಆಸ್ಪತ್ರೆಯಲ್ಲಿ ಒಬ್ಬಾತ, “ಜರಾ ಮೊದ್ಲ ತರಬೇಕಿತ್ರಿ” ಅಂದ. ಅವರು ಎಲ್ಲರಿಗೂ ಅದನ್ನೇ ಅನ್ನುತ್ತಾರೆ. ಮಗ ಆ ಮಾತನ್ನು ಹಿಡಿದುಕೊಂಡುಬಿಟ್ಟ.

ನನಗೆ ಅಳು ಬರಲಿಲ್ಲ. ಬರಬಹುದು ಎಂದು ಕೂತೆ. ಬಂದ ಹೆಂಗಸರು ಅತ್ತರು, ಚಹಾ ಕುಡಿದರು, ಹೋದರು.

ವ್ಯಾನನ್ನು ಎಳೆದು ತಂದು ಮನೆಯ ಮುಂದೆ ಬಿಟ್ಟರು. ಮಗ ಅದರ ಮೇಲೆ ತಾಡಪತ್ರಿ ಹೊದಿಸಿ, ಗುಜರಿಗೆ ಹಾಕ್ತೀನಿ ಅಂದ. ಆಮೇಲೆ ಏನು ಮಾಡುತ್ತೀ ಎಂದರೆ ಗೋಡೆಯ ಕಡೆ ಹೊರಳಿ ಮಲಗುವನು. ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟು ಏಳುವನು. ಅಪ್ಪನ ಫೋಟೋ ಇದ್ದ ಕೋಣೆಗೆ ಕಾಲಿಡುತ್ತಿರಲಿಲ್ಲ. ವ್ಯಾನು ನಿಲ್ಲುವ ಮೊದಲೇ ಅಪ್ಪ ಹೋಗಿದ್ದರು ಎಂದು ಮತ್ತೆ ಮತ್ತೆ ಹೇಳಿದೆ. “ನನ್ನ ಸಮಾಧಾನಕ್ಕ ಹೇಳಾಕತ್ತೀ ಯವ್ವಾ” ಅಂದು ಎದ್ದು ಹೋದ. ಆರಿಹೋಗುತ್ತಿದ್ದ ನನ್ನ ಮಗ. ಸೊಸೆ ನನ್ನ ಮುಖ ನೋಡುವಳು. ನಾನೇನು ಮಾಡಲಿ?

ಒಂದು ಮಧ್ಯಾಹ್ನ ಮೊಮ್ಮಗಳು ಸಾಲಿಯಿಂದ ಬಂದು, “ಆಯಿ, ಮುತ್ಯಾಗ ನಮ್ಮಪ್ಪನೇ ಕೊಂದಾನಂತ, ಹೌದಾ?” ಎಂದು ಕೇಳಿದಳು. ಅವನು ಒಳಗೆ ಮಲಗಿದ್ದ, ಕೇಳಿಸಿರಬೇಕು. ನಾನು ಹೊರಗೆ ಹೋಗಿ ತಾಡಪತ್ರಿ ಜಗ್ಗಿ ಕೆಳಗೆ ಹಾಕಿದೆ. ಸದ್ದಿಗೆ ಮಗ ಎದ್ದು ಬಂದ.

“ಏನ್ ಮಾಡಾಕತ್ತೀ?”

“ಸೀಟ್ ಎತ್ತು. ಆ ಪ್ಲಗ್ ಬದಲಿ ಮಾಡೂನು.”

“ಅಲ್ಲಿ ಕೈ ಹೋಗಂಗಿಲ್ಲ.”

“ನಿಂದು ಹೋಗಂಗಿಲ್ಲ. ನಂದು ಹೋಗ್ತದ.”

ಎದುರು ಮನೆಯವಳು ಕಟ್ಟೆಯ ಮೇಲೆ ಮೆಣಸಿನಕಾಯಿ ಬಿಡಿಸುತ್ತಿದ್ದಳು. “ಏನ್ರಿ ಆಯಿ, ಈ ವಯಸ್ಸಿನ್ಯಾಗ ಮಿಸ್ತ್ರಿ ಆದ್ರಿ?” ಅಂದಳು.

“ಹೂಂ. ನಿನ್ನ ಗಂಡನ ಮೋಟಾರ್‌ಸೈಕಲ್ ತಂದ್ ನಿಲ್ಸು. ದಿನಾ ಅದ್ಕ ಧಕ್ಕಾ ಹೊಡ್ಯೂದು ನೋಡಿ ಸಾಕಾಗ್ಯದ.”

ಅವಳು ಕೆಳಗೆ ನೋಡಿ ನಕ್ಕಳು. ಮಗ ನಗಲಿಲ್ಲ, ಆದರೆ ಸೀಟು ಎತ್ತಿದ.

ಪೈಪಿನ ಕೆಳಗಿಂದ ಕೈ ತೂರಿಸಿದೆ. ಬಳೆ ಇರಲಿಲ್ಲ, ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ಪ್ಲಗ್ಗಿನ ಮೇಲಿನ ರಬ್ಬರ್ ಟೊಪ್ಪಿಗೆ ಬೆರಳಿಗೆ ಸಿಕ್ಕಿತು. ಜಗ್ಗಿದೆ, ಬಂತು. ಮಗ ಉದ್ದನೆಯ ಪಾನಾ ಇಳಿಸಿದ. ಅದರ ಬಾಯಿಯನ್ನು ನಾನು ಪ್ಲಗ್ಗಿನ ಮೇಲೆ ಕೂಡಿಸಿದೆ, ಅವನು ಮೇಲಿನಿಂದ ತಿರುವಿದ. ಜಂಗು ಹಿಡಿದಿತ್ತು, ಅಲುಗಲಿಲ್ಲ.

“ರಾಜೇಶ್ವರದಾಗ ಬಾಗಲಾ ತೆಗದಿ ನೋಡು, ಆಗ ಅಪ್ಪನ ಎಡಗೈ ನೋಡಿದ್ದೇನು?” ಎಂದು ಕೇಳಿದೆ.

“ನೋಡೀನಿ.”

“ಏನಿತ್ತು ಕೈಯಾಗ?”

“ಲಿಂಗ ಇತ್ತು. ಅಪ್ಪನೇ ಹಿಡ್ಕೊಂಡಾನ, ಇನ್ನಾ ಜೀವಾ ಅದ ಅಂತ ತಿಳದೆ. ಅದ್ಕೇ ಓಡಿ ಹೋಗಿ ಟೆಂಪೋ ನಿಲ್ಸೀನಿ.”

ಇದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಇಷ್ಟು ದಿನ ಅವನ ತಲೆಯಲ್ಲಿ ಕೂತದ್ದು ಅದೇ.

“ನಾ ಇಟ್ಟೀನಿ ಅದನ್ನ. ಬಂಗ್ಲಾದ ಹತ್ರ. ಕೊರಳಾಗಿನ ಕರಡಿಗಿ ಬಿಚ್ಚಿ, ಲಿಂಗ ತೆಗೆದು ಕೈಯಾಗ ಇಟ್ಟು, ನಾನೇ ಬಟ್ಟು ಮಡಚೀನಿ. ಜೀವಾ ಇದ್ದವ್ರಿಗಿ ಹಾಂಗ ಯಾರ್ ಇಡ್ತಾರ?”

ನಮ್ಮಲ್ಲಿ ಬದುಕಿರುವವರು ಪೂಜೆಗೆ ಕೂತು ತಮ್ಮ ಲಿಂಗವನ್ನು ತಾವೇ ಎಡಗೈಯಲ್ಲಿ ಇಟ್ಟುಕೊಳ್ಳುತ್ತಾರೆ. ಮಲಗಿದವರ ಕೈಯಲ್ಲಿ ಇನ್ನೊಬ್ಬರು ಇಡುವುದು ಸತ್ತ ಮೇಲೆಯೇ, ಮಣ್ಣಿಗೆ ಒಯ್ಯುವಾಗ. ಮನೆ ಮುಟ್ಟುವ ತನಕ ಕಾಯುವ ಮನಸ್ಸು ನನಗಿರಲಿಲ್ಲ, ತಡವಾದರೆ ಸತ್ತವರ ಕೈ ಬಿರುಸಾಗಿ ಬೆರಳು ಮಡಚುವುದಿಲ್ಲ. ಇದು ಅವನಿಗೂ ಗೊತ್ತಿರುವ ಸಂಗತಿ. ಸಮಾಧಾನಕ್ಕೆ ಹೇಳಿದ್ದು ಎನ್ನುವಂತಿರಲಿಲ್ಲ, ಅವನೇ ಕಣ್ಣಾರೆ ಕಂಡಿದ್ದ.

“ಆಗಲೇ ಯಾಕ ಹೇಳ್ಲಿಲ್ಲ?” ಅಂದ.

“ಹೇಳಿದ್ರ ಲಾರಿಗಿ ಹಾಕ್ತಿದ್ದಿ. ಆಮ್ಯಾಗ ಹೇಳೀನಿ, ನೀ ಕೇಳ್ಲಿಲ್ಲ. ತಿರುವು.”

ತಿರುವಿದ. ಕಿರ್ ಎಂದು ಸಡಿಲಾಯಿತು. ಹಳೆಯದು ಕರ್ರಗೆ ಹೊರಗೆ ಬಂತು, ತುದಿ ಸುಟ್ಟುಹೋಗಿತ್ತು. ಹೊಸದನ್ನು ಒಂದು ರಬ್ಬರ್ ನಳಿಗೆ ಸಿಕ್ಕಿಸಿ ಕೊಟ್ಟ. ನಾನು ಒಳಗೆ ಒಯ್ದು ಅದರ ತೂತಿಗೆ ಹಿಡಿದೆ. ಆಗ ಅವನು ವ್ಯಾನಿನ ಬಾಗಿಲ ಮೆಟ್ಟಿಲ ಮೇಲೆ ಕೂತು ಅತ್ತ. ಬಹಳ ಹೊತ್ತು ಅತ್ತ. ನಾನು ಕೈ ಒಳಗೇ ಇಟ್ಟುಕೊಂಡು ನಿಂತೆ. ಬಿಟ್ಟರೆ ಪ್ಲಗ್ಗು ಕೆಳಗೆ ಬೀಳುತ್ತಿತ್ತು.

ಆಮೇಲೆ ಎದ್ದು ಮೂಗು ಒರೆಸಿಕೊಂಡು, “ಮೆಲ್ಲಕ ತಿರುವು, ವಾರಿ ಹೋಗಬಾರ್ದು” ಅಂದ. ಬೆರಳಿನಿಂದ ತಿರುವಿದೆ, ನೆಟ್ಟಗೆ ಕೂತಿತು. ಅವನು ಪಾನಾದಿಂದ ಬಿಗಿ ಮಾಡಿದ. ಬ್ಯಾಟರಿ ಇಳಿದಿತ್ತು. ಎದುರು ಮನೆಯವಳೂ ಅವಳ ಗಂಡನೂ ಸೊಸೆಯೂ ಸೇರಿ ನೂಕಿದರು. ಓಣಿಯ ತುದಿಯಲ್ಲಿ ಚಾಲೂ ಆಯಿತು.

ಸಂಜೆ ಅವನು ತಾಟಿನಲ್ಲಿ ರೊಟ್ಟಿ ಬಿಡಲಿಲ್ಲ. ನನಗೆ ಆಗಲೂ ಏನೂ ಅನ್ನಿಸಲಿಲ್ಲ. ಮುಂಗೈ ತರಚಿತ್ತು, ಅರಿಷಿಣ ಹಚ್ಚಿಕೊಂಡು ಮಲಗಿದೆ.

ಮರುದಿನ ಬೆಳಿಗ್ಗೆ ಎದ್ದು, ಒಂದು ಬಕೀಟು ಸೋಪಿನ ನೀರು ಒಯ್ದು, ಅವರು ಮಲಗಿದ್ದ ಹಿಂದಿನ ಸೀಟನ್ನು ತಿಕ್ಕಿ ತೊಳೆದೆ. ಇನ್ನು ಅದರ ಮೇಲೆ ಮಂದಿ ಕೂಡಬೇಕು.