ಸಿದ್ದಣ್ಣನಿಗೆ ತೋರಿಸಿದ ಮೊದಲನೇ ರೀಲು

ಆ ಚಿತ್ರವನ್ನು ನಾನು ಪೂರ್ತಿ ನೋಡಿದ್ದೆ. ನೋಡಿಲ್ಲ ಎಂದು ನಿಮಗೆ ಹೇಳಿದ್ದು ಸುಳ್ಳು, ಸಿದ್ದಣ್ಣ.

ಇಷ್ಟು ವರ್ಷ ನುಂಗಿಕೊಂಡಿದ್ದೆ. ಈಗ ಬಾಯಿಬಿಡುವಂತಾದದ್ದು ಕಡೂರಿನ ಒಬ್ಬ ಕಾಲೇಜು ಮೇಷ್ಟರ ಕಾಟಕ್ಕೆ. ಹಳೇ ಇಟಲಿ ಚಿತ್ರಗಳ ಚರಿತ್ರೆ ಬರೆಯುತ್ತಾರಂತೆ — ನರಭಕ್ಷಕರದ್ದು, ಹೆಣ ಎದ್ದು ಬರುವುದು, ಅಂಥವೇ. ತರೀಕೆರೆಗೆ ಬಂದು ನನ್ನ ಜಗುಲಿ ಬಿಟ್ಟು ಏಳಲೊಲ್ಲರು.

“ಈಗ ಅವಕ್ಕೆ ಹೊರದೇಶದಲ್ಲಿ ಹುಚ್ಚು ಅಭಿಮಾನಿಗಳು ಕಣ್ರೀ! ಅಜ್ಜಂಪುರದ ಟೆಂಟ್ ಸಿನಿಮಾದಲ್ಲೇ ತೋರ್ಸಿದ್ರಾ? ಏನ್ ಧೈರ್ಯ ನಿಮ್ದು!”

ಧೈರ್ಯವಂತೆ! ಮೈ ಉರಿಯಿತು. ಇಟಲಿಯವರು ತಮ್ಮ ಹೆಸರು ಮುಚ್ಚಿ ಇಂಗ್ಲಿಷ್ ಹೆಸರಿಟ್ಟುಕೊಂಡು ಮಾರಿದರು. ನಾನು ರೀಲಿನ ಡಬ್ಬ ಹೊತ್ತು ಬಸ್ಸು ಹತ್ತಿ, ‘ಕಾಡುಪ್ರಾಣಿಗಳ ಚಿತ್ರ’ ಎಂದು ನಿಮ್ಮ ಟೆಂಟಿಗೆ ಮಾರಿದೆ. ಅಷ್ಟೇ ವ್ಯತ್ಯಾಸ.

ನಿಮ್ಮ ಪದ್ಧತಿ ನನಗೆ ಗೊತ್ತಿತ್ತು. ಹೆಂಗಸರ ಆಟಕ್ಕೆ ಹಾಕುವ ಮುಂಚೆ ಮೊದಲನೇ ರೀಲು ನೀವೊಬ್ಬರೇ ಕೂತು ನೋಡುತ್ತಿದ್ದಿರಿ. ಅದರಲ್ಲಿದ್ದದ್ದು ಹೊಳೆ, ಗಿಳಿ, ವಿಮಾನ. “ಚೆನ್ನಾಗೈತೆ ಕಣಪ್ಪ, ಮಠದ ಕಡೆ ಹೆಣ್ಮಕ್ಳಿಗೂ ಹೇಳ್ತೀನಿ” ಎಂದಿರಿ. ಹೇಳಿದಿರಿ ಕೂಡ — ಮನೆಮನೆಗೆ ಹೋಗಿ.

ಮುಂದಿನ ರೀಲಿನಲ್ಲಿ ಜೀವಂತ ಉಡವನ್ನು ಕೊಯ್ದರು — ನಟನೆಯಲ್ಲ, ನಿಜವಾಗಿಯೇ. ಮೊಟ್ಟೆಯನ್ನೂ ಮುಟ್ಟದ ಮನೆಗಳ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು, ಮಕ್ಕಳನ್ನು ಎಳೆದುಕೊಂಡು ಎದ್ದರು. “ಥೂ ಸಿದ್ದಾ, ನಿನ್ ನಂಬಿ ಬಂದ್ವಲ್ಲೋ!” ಎಂದಳು ಒಬ್ಬ ಅಜ್ಜಿ.

ನೀವು ನನ್ನತ್ತ ತಿರುಗಿದಿರಿ. “ನೀನು ನೋಡಿದ್ಯೇನೋ ಇದ್ನ?”

“ಇಲ್ಲ ಕಣಣ್ಣ, ಡಬ್ಬ ಹಂಗೇ ತಂದೆ.”

ನಂಬಿದಿರಿ. ನನ್ನ ಹೆಸರೆತ್ತದೆ, ಎಲ್ಲರೆದುರು ತಪ್ಪು ನಿಮ್ಮದೆಂದು ಕೈಮುಗಿದಿರಿ. ಹೆಂಗಸರು ಮತ್ತೆ ಬರಲಿಲ್ಲ, ಟೆಂಟು ಮುಚ್ಚಿತು. ಉಳಿದದ್ದು ‘ಹಸಿಮಾಂಸದ ಸಿದ್ದಣ್ಣ’ ಎಂಬ ಅಡ್ಡಹೆಸರು. ಈಚೆಗೆ ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಮನೆ ಕೇಳಿದಾಗ, ಆ ಹೆಸರು ಹೇಳಿಯೇ ದಾರಿ ತೋರಿಸಿದರು. ಅರ್ಧಕ್ಕೇ ಹಿಂತಿರುಗಿದೆ.

ಈಗ ಹೊಸದಾಗಿ ಅಂಗಡಿ ಇಡುವವರಿಗೆಲ್ಲ ಬುದ್ಧಿ ಹೇಳುತ್ತೇನೆ — ಮಾದರಿ ನೋಡಿ ಒಪ್ಪಬೇಡಿ, ಮೂಟೆ ಬಿಚ್ಚಿಸಿ ಎಂದು. ಹೇಳುವಾಗೆಲ್ಲ ನಿಮ್ಮ ಮುಖ — ಸಾಕು.

ಮೇಷ್ಟರಿಗೆ ಹೇಳಿಬಿಟ್ಟಿದ್ದೇನೆ: ಇಟಲಿಯವರನ್ನು ಬೇಕಾದಷ್ಟು ಹೊಗಳಿಕೊಳ್ಳಿ, ನನ್ನದು ಧೈರ್ಯವಲ್ಲ, ಮೋಸ ಎಂದು ಬರೆಯಿರಿ.

ಸೋಮವಾರ ಬರುತ್ತಿದ್ದೇನೆ ಸಿದ್ದಣ್ಣ. ಆ ಹೆಂಗಸರಲ್ಲಿ ಉಳಿದವರ ಮನೆಮನೆಗೂ ಹೋಗಿ ಹೇಳುತ್ತೇನೆ. ನೀವು ಬಾಗಿಲು ತೆಗೆಯದಿದ್ದರೂ ಸರಿಯೇ. ದಾರಿಯಲ್ಲಿ ಯಾರಾದರೂ ಆ ಅಡ್ಡಹೆಸರು ಎತ್ತಿದರೆ — ಅದು ನನ್ನದು ಎನ್ನುತ್ತೇನೆ.