ಗುಲಾಬಿಯಕ್ಕನ ಪಾಲುದಾರರು

ಗುಲಾಬಿಯಕ್ಕ ಹಲಸಿನ ಸೊಳೆಯನ್ನು ಹಲ್ಲಿನಿಂದಲೇ ಎರಡು ಮಾಡುತ್ತಿದ್ದರು. ಒಂದರ್ಧ ಅವರ ಬಾಯಿಗೆ, ಇನ್ನೊಂದರ್ಧ ಗಿರಾಕಿಯ ಮೂಗಿನ ಕೆಳಗೆ. "ತಿಂದು ನೋಡಿ ಅಣ್ಣ, ಬಕ್ಕೆ ಹಲಸು, ಜೇನಿನ ಹಾಗೆ ಉಂಟು."

ಎಲೆಯಡಿಕೆಯ ಕೆಂಪು ಹತ್ತಿದ ಆ ಅರ್ಧ ಸೊಳೆ ಕಂಡು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬಸ್ಸಿನ ಕಂಬಿ ಹಿಡಿದ ಕೈಯನ್ನು ಮನೆ ಮುಟ್ಟುವವರೆಗೆ ಬೇರೆ ಯಾರದೋ ಕೈಯೆಂಬಂತೆ ದೂರ ಹಿಡಿದುಕೊಂಡು ಬರುವ ಜಾತಿಯವನು ನಾನು. "ಶುಗರ್ ಉಂಟು ಅಕ್ಕ" ಎಂದು ಸುಳ್ಳು ಹೇಳಿದೆ.

"ಮತ್ತೆ ಹಲಸು ಯಾಕೆ? ಪೂಜೆ ಮಾಡ್ಲಿಕ್ಕಾ?"

ಕದ್ರಿಯ ನಮ್ಮ ಫ್ಲ್ಯಾಟಿನ ಹತ್ತಿರದ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ರೈತರ ಸಂತೆ. ಬಜಪೆ ಕಡೆಯಿಂದ ಗುಲಾಬಿಯಕ್ಕ ಹಲಸಿನ ಕಾಲದಲ್ಲಿ ಹಲಸು, ಉಳಿದ ದಿನಗಳಲ್ಲಿ ಬೂದುಗುಂಬಳ, ಸುವರ್ಣಗಡ್ಡೆ ತರುತ್ತಿದ್ದರು. ಅವರಿದ್ದ ಮೂಲೆ ಇಡೀ ಸಂತೆಯಲ್ಲೇ ಅತಿ ಗಲೀಜು. ನೊಣಗಳ ಒಂದು ಮೋಡ ಅವರ ಸುತ್ತ ಯಾವಾಗಲೂ ಇತ್ತು. ಹಲಸಿನ ಮೇಣ ಅಂಟದ ಹಾಗೆ ಕತ್ತಿಗೆ ತೆಂಗಿನೆಣ್ಣೆ ಹಚ್ಚಿ, ಕೈಯಲ್ಲಿ ಉಳಿದದ್ದನ್ನು ತಲೆಗೆ ಒರೆಸಿ, ಅದೇ ಕೈಯನ್ನು ಹಣ್ಣಿನ ಒಳಗೆ ಹಾಕುತ್ತಿದ್ದರು. ಸೀನು ಬಂದರೆ ಸೆರಗು. ಕತ್ತಿ ಒರೆಸಲಿಕ್ಕೂ ಆ ಸೆರಗೇ. ನಾನು ಹಲಸನ್ನು ಮನೆಗೆ ತಂದು ಉಪ್ಪುನೀರಿನಲ್ಲಿ ತೊಳೆದು, ಮತ್ತೆ ಬಿಸಿನೀರಿನಲ್ಲಿ ತೊಳೆದು, ರುಚಿಯೆಲ್ಲ ಸಿಂಕಿನಲ್ಲಿ ಹರಿದು ಹೋದ ಮೇಲೆ ತಿನ್ನುತ್ತಿದ್ದೆ. "ಇನ್ನು ಸ್ವಲ್ಪ ಫಿನಾಯಿಲ್ ಹಾಕಿ" ಎಂದು ಹೆಂಡತಿ ಹೇಳುತ್ತಿದ್ದಳು.

ಅಷ್ಟೆಲ್ಲ ಹೇಸಿಗೆಪಟ್ಟೂ ಅಲ್ಲಿಗೇ ಯಾಕೆ ಹೋಗುತ್ತಿದ್ದೆ ಎಂದರೆ, ಅವರದೊಂದು ಕ್ರಮವಿತ್ತು. ಅವರು ಅಂದಾಜಿಗೆ ಹಣ್ಣು ಕೊಯ್ಯುತ್ತಿರಲಿಲ್ಲ. ಒಂದು ಅರ್ಧ ಬೇಕೆಂದು ನೀವು ಬಂದರೆ, ಇನ್ನೊಂದು ಅರ್ಧಕ್ಕೆ ಜನ ಸಿಗುವ ತನಕ ಅಲ್ಲೇ ನಿಲ್ಲಬೇಕು. ಸಿಕ್ಕಿದವರು ನಿಮ್ಮ ಪಾಲುದಾರರು. ಒಮ್ಮೆ ಜೋಡಿಸಿದರೆ ಆಯಿತು, ಮದುವೆಯಾದ ಹಾಗೆ. ಮುಂದಿನ ಭಾನುವಾರವೂ ಅವರೇ. ನಮ್ಮ ಮನೆಯಲ್ಲಿ ನಾವಿಬ್ಬರೇ, ಇಡೀ ಹಲಸು ಕಟ್ಟಿಕೊಂಡು ಏನು ಮಾಡುವುದು? ನಿಂತೆ. ನನ್ನ ಪಾಲಿಗೆ ಬಂದವರು ಕೂಳೂರಿನ ಹಮೀದಾಕ. ಗಲ್ಫಿನಲ್ಲಿ ದುಡಿದು ಬಂದು ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಹಿರಿಯರು. ಗುಲಾಬಿಯಕ್ಕ ಅವರನ್ನು ಬ್ಯಾರಿಗಳು ಎಂದೇ ಕರೆಯುತ್ತಿದ್ದರು.

"ಇವರು ತೊಳೆದು ತೊಳೆದು ತಿನ್ನುವವರು. ಇವರು ತೊಳೆಯದೆ ತಿನ್ನುವವರು. ಜೋಡಿ ಸರಿ ಉಂಟು" ಎಂದು ಗುಲಾಬಿಯಕ್ಕ ಕತ್ತಿ ಹಾಕಿದರು.

ಹಮೀದಾಕ ಅಲ್ಲೇ ನಿಂತು ಬಾಯಿ ತುಂಬ ತಿನ್ನುತ್ತ, ಬೀಜವನ್ನು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಒದ್ದೆ ಬೀಜ, ಬಿಳಿ ಅಂಗಿ. ನಾನು ಆಚೆ ನೋಡುತ್ತಿದ್ದೆ.

ಒಂದು ಭಾನುವಾರ ಹಮೀದಾಕ ಬರಲಿಲ್ಲ. ಆ ಅರ್ಧವನ್ನು ಬೇರೆ ಯಾರಿಗಾದರೂ ಕೊಡಿ ಎಂದೆ. ಗುಲಾಬಿಯಕ್ಕ ನಾನು ಅವರ ಊಟದ ಎಲೆಗೆ ಉಗುಳಿದೆನೋ ಎಂಬಂತೆ ನೋಡಿದರು.

"ಬ್ಯಾರಿಗಳ ಪಾಲು ಬೇರೆಯವರಿಗೆ ಕೊಡುವುದು ಹೇಗೆ? ತೆಕ್ಕೊಂಡು ಹೋಗಿ ಕೊಟ್ಟು ಬನ್ನಿ."

"ಕೂಳೂರಿಗಾ? ನಾನಾ?"

"ಮತ್ತೆ ಹಲಸು ನಡೆದುಕೊಂಡು ಹೋಗ್ತದಾ ಮಾರಾಯ್ರೆ?"

ಬಾಳೆಲೆಯಲ್ಲಿ ಸುತ್ತಿದ ಅರ್ಧ ಹಲಸನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಹೊರಟೆ. ನೊಣಗಳು ಟಿಕೆಟಿಲ್ಲದೆ ಹತ್ತಿದವು. ಮೇಣ ಸೀಟಿಗೆ ಇಳಿಯುತ್ತದೆಯೆಂಬ ಚಿಂತೆ ಒಂದು. ಆ ಮನುಷ್ಯ ಯಾಕೆ ಬರಲಿಲ್ಲ, ಬಿದ್ದರೋ, ಹಾರ್ಟೋ ಎಂಬ ಚಿಂತೆ ಇನ್ನೊಂದು. ನನ್ನ ಚಿಂತೆಗಳಲ್ಲಿ ನಿಜವಾಗುವುದು ತೀರ ಕಡಿಮೆ. ಅಂದು ಒಂದು ನಿಜವಾಯಿತು. ಚಪ್ಪಲಿ ಅಂಗಡಿಯ ಆಚೀಚೆ ಕೇಳಿ ಮನೆ ಹುಡುಕಿದೆ. ಹಮೀದಾಕ ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆರೆದರು. ಹಿಂದಿನ ರಾತ್ರಿ ಬಚ್ಚಲಲ್ಲಿ ಜಾರಿದ್ದರು, ಪಾದ ಬೂದುಗುಂಬಳದಷ್ಟು ಊದಿತ್ತು. ಹೆಂಡತಿ ಮಗಳ ಬಾಣಂತನಕ್ಕೆ ದುಬೈಗೆ ಹೋಗಿದ್ದರು.

"ಯಾರಿಗಾದರೂ ಹೇಳಬಾರದಿತ್ತಾ?"

"ನೋವು ಹೋಗ್ತದೆ ಅಂತ ಕೂತೆ. ಅದು ಬಿಡಿ, ಹಲಸು ಎಲ್ಲಿ?"

ಆಸ್ಪತ್ರೆಯಲ್ಲಿ ಎಲುಬು ಮುರಿದಿದೆ ಎಂದರು. ಕಟ್ಟು ಹಾಕಿಸುವಾಗಲೂ ಅವರ ಒಂದು ಕೈ ಎಲೆಯ ಪೊಟ್ಟಣದೊಳಗೇ ಇತ್ತು. ನರ್ಸಮ್ಮ ಮುಖ ಸಿಂಡರಿಸಿದಾಗ, ಜೊತೆಗಾತಿ ಸಿಕ್ಕಿದಷ್ಟು ನನಗೆ ಸಮಾಧಾನವಾಯಿತು.

ಮುಂದಿನ ವಾರ ಗುಲಾಬಿಯಕ್ಕನಿಗೆ ಎಲ್ಲ ವರದಿ ಮಾಡಿದೆ, ಸ್ವಲ್ಪ ಹೊಗಳಿಕೆಯ ಆಸೆಯಿಂದಲೇ. "ನೋಡಿದಿರಾ" ಎಂದರು, "ಬಿಟ್ಟಿದ್ದರೆ ಅಲ್ಲೇ ಕೂತು ಹಣ್ಣಾಗ್ತಿದ್ದರು." ಅಷ್ಟೇ. ಮೂಗು ಒರೆಸಿ ಇನ್ನೊಂದು ಹಲಸಿಗೆ ಕತ್ತಿ ಇಟ್ಟರು.

ಅವರ ಮೇಣ ಮೆತ್ತಿದ ಕೈಗಳನ್ನು ಯಾರೋ ಒಮ್ಮೆ ದೊಡ್ಡ ಕ್ಯಾಮೆರಾದಲ್ಲಿ ತೆಗೆದರು. ಅದು ಸಂತೆಯ ಬಾಗಿಲಲ್ಲಿ ಆಳೆತ್ತರದ ಬ್ಯಾನರ್ ಆಯಿತು: "ಮಣ್ಣಿನ ಕೈ, ಮನಸಿನ ಕೈ". ಜನ ಅದರ ಎದುರು ನಿಂತು ಸೆಲ್ಫಿ ತೆಗೆದರು. ಅದಾದ ಸ್ವಲ್ಪ ದಿನಕ್ಕೇ ಸಂತೆಯ ಸಂಚಾಲಕರು ಗುಲಾಬಿಯಕ್ಕನಿಗೆ ಹೇಳಿದ್ದು: ಇನ್ನು ಮುಂದೆ ಗ್ಲೌಸ್ ಹಾಕಬೇಕು, ಸೊಳೆ ಬಿಡಿಸಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಪ್ಯಾಕ್ ಮಾಡಿಯೇ ತರಬೇಕು, ಇಲ್ಲವಾದರೆ ಜಾಗ ಬೇರೆಯವರಿಗೆ.

ಗುಲಾಬಿಯಕ್ಕನಿಗೆ ಸಿಟ್ಟು ಬರಲಿಲ್ಲ, ಅರ್ಥವಾಗಲಿಲ್ಲ. "ಯಾರಿಗೆ ಅಂತ ಗೊತ್ತಿಲ್ಲದೆ ಕೊಯ್ಯುವುದು ಹೇಗೆ?" ಎಂದು ಮತ್ತೆ ಮತ್ತೆ ಕೇಳಿದರು.

ನಾನು ಸಂಚಾಲಕರ ಹತ್ತಿರ ಹೋದೆ.

"ಸರ್, ಹೈಜೀನ್ ಇಶ್ಯೂ" ಎಂದರು ಅವರು. "ನೀವೇ ಹೇಳಿ, ನಿಮಗೆ ಅಸಹ್ಯ ಆಗುವುದಿಲ್ವಾ?"

"ಆಗ್ತದೆ. ತುಂಬ ಆಗ್ತದೆ. ಆದರೂ ಅವರು ಇರಲಿ."

"ಹಾಗಂದ್ರೆ ಎಂತ ಸರ್?"

ಮಳೆ ಶುರುವಾಗುವ ಮೊದಲೇ ಆ ಮೂಲೆಯಲ್ಲಿ ಬಿಳಿ ಮೇಜು ಬಂತು. ಅದರ ಮೇಲೆ ಪ್ಲಾಸ್ಟಿಕ್ ಹೊದ್ದ ಸೊಳೆಗಳು, ಒಂದೇ ಗಾತ್ರ, ಒಂದೇ ಬಣ್ಣ, ನೊಣವಿಲ್ಲ. ತೆಗೆದುಕೊಂಡು ಯಾರ ಮುಖವನ್ನೂ ನೋಡದೆ ಹೋಗಬಹುದು. ಬಾಗಿಲ ಬ್ಯಾನರಿನಲ್ಲಿ ಗುಲಾಬಿಯಕ್ಕನ ಕೈಗಳು ಮಾತ್ರ ಹಾಗೆಯೇ ಇದ್ದವು. ಅದನ್ನು ಕಂಡಾಗ ಆದಷ್ಟು ಹೇಸಿಗೆ ಹಲ್ಲು ತಾಗಿದ ಸೊಳೆಗೂ ನನಗೆ ಆಗಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರು ಕೂಳೂರು ಸೇತುವೆಯ ಈಚೆ, ರಸ್ತೆ ಬದಿಯಲ್ಲಿ ಕೊಡೆ ಹಾಕಿ ಕೂತದ್ದು ಕಂಡಿತು. ಧೂಳು, ಲಾರಿಯ ಹೊಗೆ, ಚರಂಡಿಯ ವಾಸನೆ. ಮೊದಲಿನದಕ್ಕಿಂತ ಗಲೀಜು. ಒಬ್ಬ ಲಾರಿ ಡ್ರೈವರೂ ಒಬ್ಬಳು ಕಾಲೇಜು ಹುಡುಗಿಯೂ ತಮ್ಮ ತಮ್ಮ ಅರ್ಧ ಹಿಡಿದುಕೊಂಡು ಹೊರಡುತ್ತಿದ್ದರು. ಇನ್ನೊಂದು ಇಡೀ ಹಣ್ಣು ಉಳಿದಿತ್ತು.

"ನನಗೆ ಅರ್ಧ ಕೊಡಿ ಅಕ್ಕ."

"ನಿಮ್ಮ ಸಂತೆಯಲ್ಲಿ ಪ್ಯಾಕೆಟ್ ಸಿಗ್ತದಲ್ಲ ಅಣ್ಣ?"

ನಿಮ್ಮ ಸಂತೆ. ನಾನು ಸಂಚಾಲಕರ ಹತ್ತಿರ ಹೋದದ್ದು ಅವರಿಗೆ ಗೊತ್ತಿರಲಿಲ್ಲ.

"ಬ್ಯಾರಿಗಳು ಎಲ್ಲಿ?" ಎಂದು ಅವರೇ ಕೇಳಿದರು.

"ಮಗಳ ಹತ್ತಿರ ಹೋಗಿದ್ದಾರೆ, ದುಬೈಗೆ. ಕಾಲು ಸರಿ ಆಗಿದೆ."

"ಹಾಗಾದರೆ ಇದು ಕೊಯ್ಯುವುದಿಲ್ಲ. ನಾಳೆ ಯಾರನ್ನಾದರೂ ಕರ್ಕೊಂಡು ಬನ್ನಿ."

ಇಡೀ ಹಣ್ಣನ್ನೇ ತೆಗೆದುಕೊಳ್ಳುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿದರು. ನಾನು ಕೊಳೆಸಿ ಎಸೆಯುತ್ತೇನೆಂದು ಅವರಿಗೆ ಗೊತ್ತಿತ್ತು.

ಯಾರನ್ನು ಕರೆಯುವುದು? ಫ್ಲ್ಯಾಟಿನ ಬಾಗಿಲುಗಳನ್ನೆಲ್ಲ ಮನಸ್ಸಿನಲ್ಲಿ ತಟ್ಟಿದೆ. ಕೊನೆಗೆ ಎದುರು ಮನೆಯ ಬೆಲ್ ಒತ್ತಿದೆ. ಬ್ಯಾಂಕಿನವರು, ಲಿಫ್ಟಿನಲ್ಲಿ ಇಬ್ಬರೂ ನಂಬರು ನೋಡುತ್ತ ನಿಲ್ಲುವ ಪರಿಚಯ. ಅರ್ಧ ಹಲಸು ಬೇಕಾ ಎಂದು ಕೇಳಿದಾಗ, ನಾನು ಸೊಳೆಯನ್ನು ನೋಡುತ್ತಿದ್ದ ಹಾಗೆಯೇ ಅವರು ನನ್ನನ್ನು ನೋಡಿದರು. ಹೊರಡಿಸಲು ಸಾಕುಬೇಕಾಯಿತು.

ಮರುದಿನ ಸೇತುವೆಯ ಹತ್ತಿರ ಕೊಡೆ ಇರಲಿಲ್ಲ. ಆಚೀಚೆ ಕೇಳಿದೆವು. ಬೆಳಿಗ್ಗೆ ರಸ್ತೆ ಬದಿಯ ವ್ಯಾಪಾರದವರನ್ನೆಲ್ಲ ಎಬ್ಬಿಸಿ ಓಡಿಸಿದರಂತೆ. ಹಲಸಿನ ಅಕ್ಕ ಎಲ್ಲಿಗೆ ಹೋದರೆಂದು ಎಳನೀರಿನವನಿಗೂ ಗೊತ್ತಿಲ್ಲ. ನಾನು ಆಮೇಲೆ ಅವರನ್ನು ಕಾಣಲೇ ಇಲ್ಲ.

"ಇದಕ್ಕಾ ಇಷ್ಟು ದೂರ ಕರ್ಕೊಂಡು ಬಂದದ್ದು?" ಎಂದು ಬ್ಯಾಂಕಿನವರು ತಿರುಗಿದವರೇ ನಿಂತರು. ಗುಲಾಬಿಯಕ್ಕ ಕೂತಿದ್ದ ಜಾಗದಲ್ಲಿ ಬ್ಯಾಂಕಿನವರ ಒಂದು ಚಪ್ಪಲಿ ನೆಲಕ್ಕೆ ಕಚ್ಚಿಕೊಂಡಿತ್ತು.

"ಛೀ, ಇದೆಂತ ಸಾವು ಮಾರಾಯ್ರೆ!"

"ಹಲಸಿನ ಮೇಣ. ಸುಲಭದಲ್ಲಿ ಬಿಡುವುದಿಲ್ಲ" ಎಂದೆ.

ಅವರು ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ, ಬೀಳದ ಹಾಗೆ ನನ್ನ ಹೆಗಲು ಹಿಡಿದುಕೊಂಡರು.