ದಾರದ ಗಂಟು ಸಡಿಲವಾದ ಬೆಳಿಗ್ಗೆ

ಭಕ್ತಬಾಂಧವರೇ, ನನ್ನ ಹೆಂಡತಿಯನ್ನು ನಾನೇ ಕೈಯಾರೆ ಕಳೆದುಕೊಳ್ಳುವುದರಲ್ಲಿದ್ದೆ. ಅವಳು ಹೇಗೆ ಉಳಿದಳೆಂದು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಹೋದ ಮಾಘದಲ್ಲಿ ಜಯಮ್ಮನಿಗೆ ಹೃದಯಾಘಾತವಾಯಿತು. ಹಾಸನದ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಆಮೇಲೆ ವಾರಕ್ಕೊಮ್ಮೆ ಹೊಳೆನರಸೀಪುರದಿಂದ ಏಳೂವರೆ ಬಸ್ಸಿಗೆ ಹೋಗಿ, ಡಾಕ್ಟರ ಎದುರು ವ್ಯಾಯಾಮ ಮಾಡಿಸಿಕೊಂಡು ಬರುತ್ತಿದ್ದೆವು. ಉಳಿದ ದಿನ ಊರಿನಲ್ಲೇ ಇಪ್ಪತ್ತು ನಿಮಿಷ ನಡೆಯಬೇಕು. ಎದೆಬಡಿತ ನಿಮಿಷಕ್ಕೆ ನೂರಹತ್ತು ದಾಟಬಾರದು. ನೋಡಿಕೊಳ್ಳಲೆಂದು ಮಗಳು ಬಡಿತ ತೋರಿಸುವ ವಾಚು ಕೊಡಿಸಿದಳು.

ನಡೆಯುವುದೇ ಆದರೆ ನರಸಿಂಹಸ್ವಾಮಿಯ ಗುಡಿ ಸುತ್ತಲೇ ನಡೆಯುತ್ತೇನೆಂದಳು ಜಯಮ್ಮ. ಆಸ್ಪತ್ರೆಯಿಂದ ಬಂದ ದಿನ ಅರ್ಚಕರು ಅವಳ ಎಡಗೈಗೆ ರಕ್ಷೆಯ ದಾರ ಕಟ್ಟಿದ್ದರು. ಮೂರು ಸುತ್ತಿನ ದಪ್ಪ ಅರಿಸಿನ ದಾರ. ಅದನ್ನು ಸರಿಸಲು ಅವಳು ಬಿಡಲಿಲ್ಲ, ನಾನು ವಾಚನ್ನು ಅದರ ಮೇಲೆಯೇ ಕಟ್ಟಿದೆ. "ಸ್ವಾಮಿ ಕೆಳಗವ್ನೆ, ನಿಮ್ಮ ಮಿಷಿನ್ನು ಮೇಲೈತೆ, ಇನ್ನೇನಾದದು" ಎಂದು ನಕ್ಕಳು.

ನಾನು ಮೂವತ್ತು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವನು. ಉಪಕರಣ ಹೇಳಿದ ಮೇಲೆ ಮನುಷ್ಯರು ಹೇಳುವುದೇನು ಎನ್ನುವ ಸ್ವಭಾವ. ಕೆಲವು ವಾರ ಕಳೆದ ಮೇಲೆ ಅವಳು ನಾಲ್ಕನೇ ಪ್ರದಕ್ಷಿಣೆಗೇ ಕಂಬಕ್ಕೆ ಒರಗತೊಡಗಿದಳು.

"ಯಾಕೋ ಎದೆ ಡವಡವ ಅಂತದೆ ಕಣ್ರೀ."

"ತೊಂಬತ್ತೆರಡು ತೋರಿಸ್ತಾ ಐತೆ. ಬರೀ ಸೋಮಾರಿತನ, ನಡಿ."

ಮೂರು ದಿನ ಹೀಗೇ ಬೈದು ನಡೆಸಿದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಮನೆಯಲ್ಲಿ ಅವಳ ಬಾಡಿದ ಮುಖ ನೋಡಿ, ದೇವರ ಮುಂದೆ ನಿಂತು, "ಅಪ್ಪಾ, ಇವಳನ್ನು ಉಳಿಸಿಕೊಡು, ನನಗೇನೂ ತೋಚುತ್ತಿಲ್ಲ" ಎಂದು ಬೇಡಿಕೊಳ್ಳುತ್ತಿದ್ದವನೂ ನಾನೇ.

ನಾಲ್ಕನೆಯ ದಿನ ಶನಿವಾರ. ಎರಡನೇ ಸುತ್ತಿನಲ್ಲಿ ದಾರದ ಗಂಟು ಸಡಿಲವಾಗಿ ತುದಿ ಜೋಲಾಡಿತು. ನೆಲಕ್ಕೆ ಬೀಳಬಾರದೆಂದು ಅವಳು ಅಲ್ಲೇ ನಿಂತಳು. ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು, ಗಂಟು ಬಿಗಿಯಲು ಅವಳ ಮಣಿಕಟ್ಟು ಹಿಡಿದೆ. ಬೆರಳ ಕೆಳಗೆ ನಾಡಿ ಓಡುತ್ತಿತ್ತು, ತಡೆಯುತ್ತಿತ್ತು, ಮತ್ತೆ ಓಡುತ್ತಿತ್ತು. ಗುಡಿಯ ಗೋಡೆ ಗಡಿಯಾರ ನೋಡಿ ಎಣಿಸಿದೆ. ಅರ್ಧ ನಿಮಿಷಕ್ಕೇ ಎಪ್ಪತ್ತು ದಾಟಿತು. ಅರ್ಚಕರನ್ನು ಕೂಗಿದೆ. ಅವರು ಕೂಡಲೇ ಕಾರು ತರಿಸಿದರು.

ಹಾಸನದಲ್ಲಿ ಇಸಿಜಿ ನೋಡಿದ ಡಾಕ್ಟರು, "ಬಡಿತ ತಾಳ ತಪ್ಪಿದೆ ಮೇಷ್ಟ್ರೇ. ಒಳ್ಳೆ ಹೊತ್ತಿಗೆ ಬಂದ್ರಿ, ಔಷಧಿಗೆ ಬಗ್ಗುತ್ತೆ" ಎಂದರು. ನಾನು ವಾಚು ತೋರಿಸಿ, ಅದನ್ನು ದಾರದ ಮೇಲೆ ಕಟ್ಟುತ್ತಿದ್ದುದನ್ನೂ ಹೇಳಿದೆ.

"ಇದು ಚರ್ಮಕ್ಕೆ ಅಂಟಿ ಕೂತಿದ್ರೂ ನಡಿಯುವಾಗ ಒಂದೊಂದ್ಸಲ ತಪ್ಪು ಹೇಳುತ್ತೆ. ಬಡಿತ ಹಿಂಗಿದ್ರಂತೂ ಇನ್ನೂ ಜಾಸ್ತಿ. ನೀವು ನೋಡಿದ್ರೆ ದಾರದ ಮೇಲೆ ಕಟ್ಟಿದೀರ. ಅವ್ರು ಸುಸ್ತು ಅಂದ್ರೆ ಮೊದ್ಲು ಅವ್ರ ಮಾತು ಕೇಳಿ."

ದಾರವೇ ಅಡ್ಡ ಬಂದಿತ್ತಲ್ಲ, ಇದರಲ್ಲಿ ದೇವರ ಕೃಪೆ ಎಲ್ಲಿ ಎಂದು ಕೆಲವರು ಕೇಳಿದ್ದಾರೆ. ದಾರದ ಮೇಲೆ ವಾಚು ಕಟ್ಟಿದವನು ನಾನು. ಗಂಟು ಸಡಿಲಿಸಿ ನನ್ನ ಕೈಯನ್ನು ಅವಳ ಕೈಮೇಲೆ ಇಡಿಸಿದವನು ಅವನು.

ಈಗ ವಾಚು ಬಲಗೈಯಲ್ಲಿದೆ. ಎಡಗೈ ಹಿಡಿದುಕೊಂಡೇ ನಾನು ಜೊತೆಗೆ ಸುತ್ತುತ್ತೇನೆ. ಮೊನ್ನೆ ಜಯಮ್ಮ ಅರ್ಚಕರ ಎದುರೇ ಅಂದಳು: "ಧಾರೆ ದಿವ್ಸಾನೂ ಇಷ್ಟೊತ್ತು ಕೈ ಹಿಡ್ಕಂಡಿರ್ಲಿಲ್ಲ ಸ್ವಾಮಿ. ಈಗ ಬಿಡಿ ಅಂದ್ರೂ ಬಿಡಕಿಲ್ಲ."

ಬಿಡುವುದಿಲ್ಲ, ನರಸಿಂಹಾ. ಉಳಿಸಿಕೊಟ್ಟವನು ನೀನು, ಹಿಡಿದುಕೊಂಡಿರುವುದು ನನ್ನ ಪಾಲಿನ ಸೇವೆ.